ಸಿಗಡಿ ವೈರಸ್ಸಿನ ನೆಂಟರು ಯಾರು?

ಕುಮಟಾದಿಂದ ಪ್ರಶ್ನೆ:
ಅಘನಾಶಿನಿ ಹೊಳೆಯ ಗಜನಿಯಲ್ಲಿ (ಉಪ್ಪುನೀರು ಬರುವ ಗದ್ದೆ) ನಮ್ಮ ಸಿಗಡಿ ಕೆರೆ ಇದೆ. ಹೋದ ವರ್ಷ ಚಿಪ್ಪಿನ ಮೇಲೆ ಬಿಳಿ ಚುಕ್ಕೆ ಕಂಡಿತು, ವಾರದೊಳಗೆ ಎಲ್ಲ ಖಾಲಿ. ಇದು ಡಿಎನ್ಎ ವೈರಸ್ ಅಂತಾರೆ. ಇದರ ಸಂಬಂಧಿಕರನ್ನು ಹುಡುಕುವುದು ಹೇಗೆ? ವೈರಸ್ಸಿಗೆ ಪಳೆಯುಳಿಕೆ ಇರುವುದಿಲ್ಲ ಅಲ್ವಾ?

ಕಾರವಾರದಿಂದ ಉತ್ತರ:
ಪ್ರೋಟೀನ್ ನೋಡಿ ಹುಡುಕುತ್ತಾರೆ. ಬಿಳಿ ಚುಕ್ಕೆ ವೈರಸ್ಸಿನ ಜೀನೋಮ್ (ಅದರ ಪೂರ್ತಿ ಡಿಎನ್ಎ) ಸುಮಾರು 3 ಲಕ್ಷ ಬೇಸ್ ಜೋಡಿ, ಅಂದರೆ ಅಷ್ಟು ಡಿಎನ್ಎ ಅಕ್ಷರಗಳ ಉದ್ದ, ಅದರಲ್ಲಿ ಹೆಚ್ಚಿನ ಜೀನ್‌ಗಳಿಗೆ ಬೇರೆಲ್ಲೂ ಹೋಲಿಕೆ ಇಲ್ಲ. ಆದರೆ ಕರುಳಿನ ಜೀವಕೋಶಕ್ಕೆ ನುಗ್ಗಲು ಕೀಟಗಳ ಬ್ಯಾಕ್ಯುಲೋವೈರಸ್‌ಗಳು ಬಳಸುವ ಪಿಐಎಫ್ ಎಂಬ ಪ್ರೋಟೀನ್‌ಗಳಲ್ಲಿ ಕೆಲವು ಇದರಲ್ಲೂ ಇವೆ. ಹಾಗಾಗಿ ಎರಡನ್ನೂ ನಾಲ್ಡಾವಿರಿಸೀಟಿಸ್ ಎಂಬ ಒಂದೇ ವರ್ಗಕ್ಕೆ ಸೇರಿಸಿದ್ದಾರೆ. ಹುಳದ ರೋಗ, ಸಿಗಡಿ ರೋಗ, ದೂರದ ದಾಯಾದಿಗಳು!

ಶಿರಸಿಯಿಂದ:
ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳ ಸಾಲು ತುಂಬಾ ಬದಲಾದರೂ ಮಡಿಕೆ, ಅಂದರೆ ಅದು ಮಡಚಿಕೊಳ್ಳುವ ಆಕಾರ, ಉಳಿಯಬಹುದು. ಹರ್ಪಿಸ್ ವೈರಸ್ಸಿನ ಕವಚದ ಪ್ರೋಟೀನ್ ಮಡಚಿರುವ ರೀತಿಯೂ, ಬ್ಯಾಕ್ಟೀರಿಯಾಕ್ಕೆ ಹತ್ತುವ ಬಾಲದ ವೈರಸ್‌ಗಳದ್ದೂ (ಫೇಜ್) ಒಂದೇ, ಅದೇ ಎಚ್‌ಕೆ97 ಎಂಬ ಫೇಜ್ ಹೆಸರಿನ ಮಡಿಕೆ. ಸುಮ್ನೆ ಒಂದೇ ಪ್ರೋಟೀನ್ ನಂಬಬೇಡಿ, ವೈರಸ್‌ಗಳು ತಾವು ಹೊಕ್ಕ ಜೀವಿಗಳಿಂದ ಜೀನ್ ಕದಿಯುವುದು ಜಾಸ್ತಿ.

ಮತ್ತೆ ಕುಮಟಾ:
ಹಾಗಾದರೆ ಏಡಿಗೂ ಇದೇ ಹತ್ತುತ್ತದಾ?

ಕಾರವಾರ:
ಹೌದು, ಅದಕ್ಕೇ ಕೆರೆಗೆ ಏಡಿ ಬರದಂತೆ ಬಲೆ ಕಟ್ಟಿ.