ದೆಹಲಿಯಲ್ಲಿ ಮಂಜು ಮುಸುಕಿದರೆ ಬೆಂಗಳೂರಿನ ವಿಮಾನ ಯಾಕೆ ಲೇಟು?

ಪ್ರಶ್ನೆ: ದೆಹಲಿ ರನ್‌ವೇಗೆ ಕ್ಯಾಟ್-3ಬಿ (ದಟ್ಟ ಮಂಜಿನಲ್ಲೂ ಇಳಿಸುವ ವ್ಯವಸ್ಥೆ) ಇದೆ, 50 ಮೀಟರ್ ಕಂಡರೂ ಇಳಿಯಬಹುದು ಅಂತಾರೆ. ಆದರೂ ಜನವರಿಯಲ್ಲಿ ಬೆಂಗಳೂರಿನಿಂದ ಹೊರಡುವ ಸಂಜೆ ವಿಮಾನವೂ ತಡ. ಇಲ್ಲಿ ಬಿಸಿಲಿರುತ್ತಲ್ಲ?

ಉತ್ತರ 1: ರನ್‌ವೇ ಒಂದಕ್ಕೇ ಕ್ಯಾಟ್-3ಬಿ ಇದ್ದರೆ ಸಾಲದು. ವಿಮಾನದಲ್ಲಿ ಆಟೋಲ್ಯಾಂಡ್ (ತಾನಾಗಿ ಇಳಿಯುವ ಸಾಧನ) ಸರಿಯಿರಬೇಕು, ಇಬ್ಬರೂ ಪೈಲಟ್‌ಗಳಿಗೆ ಅದರ ತರಬೇತಿ ಆಗಿರಬೇಕು. ಒಂದು ತಪ್ಪಿದರೂ ಜೈಪುರದ ಕಡೆಗೋ ಲಖನೌಗೋ ತಿರುಗಿಸಬೇಕಾಗುತ್ತದೆ. ಇನ್ನೊಂದನ್ನು ಎಲ್ಲರೂ ಮರೆಯುತ್ತಾರೆ: ಇಳಿಯಲು 50 ಮೀಟರ್ ಸಾಕು, ಏರಲು ಸಾಮಾನ್ಯವಾಗಿ 125 ಬೇಕು. ಆರ್‌ವಿಆರ್ (ರನ್‌ವೇ ಮೇಲೆ ಕಣ್ಣಿಗೆ ಕಾಣುವ ದೂರ) 75 ಮೀಟರ್‌ನಲ್ಲಿ ನಿಂತಿತು ಅಂದುಕೊಳ್ಳಿ. ಬರುವವು ಬರುತ್ತಲೇ ಇರುತ್ತವೆ, ಹೊರಡಬೇಕಾದವು ಕದಲುವುದಿಲ್ಲ. ವಿಮಾನ ನಿಲ್ಲಿಸುವ ಸ್ಟ್ಯಾಂಡ್‌ಗಳೆಲ್ಲ ಭರ್ತಿ; ಇಳಿದವು ಟ್ಯಾಕ್ಸಿವೇಯಲ್ಲೇ (ರನ್‌ವೇಗೂ ಸ್ಟ್ಯಾಂಡ್‌ಗೂ ನಡುವಿನ ದಾರಿ) ಎಂಜಿನ್ ಉರಿಸುತ್ತಾ ಕಾಯುತ್ತವೆ.

ಉತ್ತರ 2: ಅಂತರದ ಲೆಕ್ಕವೂ ಇದೆ. ಇಳಿದ ವಿಮಾನ ರನ್‌ವೇ ಪಕ್ಕದಲ್ಲೇ ಇದ್ದರೆ ಇಳಿಯುವ ದಾರಿ ತೋರುವ ಐಎಲ್‌ಎಸ್‌ನ ರೇಡಿಯೊ ಕಿರಣ ಅದಕ್ಕೆ ತಾಗಿ ಬಾಗುತ್ತದೆ. ಹಿಂದೆ ಬರುವ ಆಟೋಪೈಲಟ್ ದಾರಿ ತಪ್ಪಬಹುದು. ಅದು ಪೂರ್ತಿ ದೂರ ಸರಿಯುವವರೆಗೆ ಮುಂದಿನದಕ್ಕೆ ಅನುಮತಿಯಿಲ್ಲ. ಮಂಜಿನಲ್ಲಿ ವಿಮಾನ ನೆಲದ ಮೇಲೆ ಸಾಗುವುದೂ ಆಮೆ ನಡಿಗೆ. ಗಂಟೆಗೆ ಇಳಿಯುವ ಸಂಖ್ಯೆ ಕುಸಿಯದೆ ಇನ್ನೇನು?

ಉತ್ತರ 3: ಬೆಂಗಳೂರಿನ ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಸುತ್ತು ಹಾರುತ್ತದೆ, ಬೆಳಗ್ಗೆ ಆದ ಮೂರು ಗಂಟೆಯ ತಡ ಸಂಜೆವರೆಗೂ ಹಿಂಬಾಲಿಸುತ್ತದೆ. ನಡುವೆ ಸಿಬ್ಬಂದಿಯ ಡ್ಯೂಟಿ ಮಿತಿ ಮುಗಿದರೆ ಹೊಸಬರು ಬರಬೇಕು. ಟ್ರ್ಯಾಕರ್ ಆ್ಯಪ್‌ನಲ್ಲಿ ನಿಮ್ಮ ವಿಮಾನ ಈಗ ಎಲ್ಲಿದೆ ನೋಡಿ. ಬೋರ್ಡ್‌ನಲ್ಲಿ ‘ಆನ್ ಟೈಮ್’ ಅಂದಿರುವುದನ್ನು ನಂಬಬೇಡಿ. ದೆಹಲಿಗೆ ಮಧ್ಯಾಹ್ನ ಮುಟ್ಟುವ ಟಿಕೆಟ್ಟೇ ವಾಸಿ.