ಮಗ ಕ್ರಿಶ್ಚಿಯನ್ ರ‍್ಯಾಪ್ ಕೇಳುತ್ತಾನೆ ಅಂತ ಹೆದರಬೇಡಿ

ನಿನ್ನೆ ಇಲ್ಲಿ ಒಬ್ಬರು ಕೇಳಿದ್ದರು. ಮಗ ಕಪ್ಪು ಗೆಳೆಯನ ಜೊತೆ, ದೇವರ ವಿಷಯವನ್ನು ತಾಳಕ್ಕೆ ಪ್ರಾಸಬದ್ಧವಾಗಿ ಮಾತಿನಂತೆ ಹಾಡುವ ಕ್ರಿಶ್ಚಿಯನ್ ರ‍್ಯಾಪ್ ಕೇಳುತ್ತಾನೆ, ಅವರ ಚರ್ಚಿನ ಕಾರ್ಯಕ್ರಮಕ್ಕೂ ಕರೆದಿದ್ದಾರೆ, ಕಳಿಸಬಹುದಾ ಅಂತ. "ರ‍್ಯಾಪ್ ಅಂದ್ರೆ ಬರೀ ಬೈಗುಳ, ಆ ಸಹವಾಸವೇ ಬೇಡ" ಅನ್ನುವ ಉತ್ತರಗಳನ್ನು ಓದಿ ತುಂಬಾ ಬೇಜಾರಾಯಿತು. ನಾವಿರೋದು ಅಮೆರಿಕದ ಅಟ್ಲಾಂಟಾದಲ್ಲಿ, ನನ್ನ ಮಗಳೂ ಇದನ್ನೇ ಕೇಳುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಲೆಕ್ರೇ ಅನ್ನುವ ಕಪ್ಪು ಕ್ರಿಶ್ಚಿಯನ್ ರ‍್ಯಾಪ್ ಗಾಯಕರ ಹಾಡು ಒಂದೆರಡು ಕೇಳಿ. ಹ್ಯೂಸ್ಟನ್‌ನಲ್ಲಿ ಹುಟ್ಟಿ, ಅಪ್ಪನ ಆಸರೆ ಇಲ್ಲದೆ ಬೆಳೆದವರು. 2004ರಲ್ಲಿ ಗೆಳೆಯರೊಬ್ಬರ ಜೊತೆ ರೀಚ್ ರೆಕಾರ್ಡ್ಸ್ ಅನ್ನುವ ಸಂಗೀತ ಕಂಪನಿ ಶುರು ಮಾಡಿದರು, ಅದು ಈಗ ನಮ್ಮ ಅಟ್ಲಾಂಟಾದಲ್ಲೇ ಇದೆ. 2014ರಲ್ಲಿ ಬಂದ ಅವರ ಆಲ್ಬಂ 'ಅನಾಮಲಿ' ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ನೇರ ಮೊದಲ ಸ್ಥಾನಕ್ಕೆ ಹೋಯಿತು. ಅದರಲ್ಲಿ ಅವರು ಹಿಂದೆ ಗೆಳತಿಗೆ ಗರ್ಭಪಾತ ಮಾಡಿಸಿದ್ದನ್ನೂ ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಹದಿನಾರು ವರ್ಷದ ಮಕ್ಕಳ ಮುಂದೆ ನಾವು ಯಾರಾದರೂ ದೇವರು, ತಪ್ಪು, ಕ್ಷಮೆ ಬಗ್ಗೆ ಇಷ್ಟು ಬಿಚ್ಚಿ ಮಾತಾಡಿದ್ದೇವಾ?

ಕಪ್ಪು ಜನರ ಚರ್ಚುಗಳಲ್ಲೂ ಇಂಥ ಹೊಸ ಸಂಗೀತವನ್ನು ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. 1930ರ ದಶಕದಲ್ಲಿ ಶಿಕಾಗೋದಲ್ಲಿ ಬ್ಲೂಸ್ ಅನ್ನುವ ಕಪ್ಪು ಜನರ ಲೌಕಿಕ ಸಂಗೀತವನ್ನು ಪಿಯಾನೋದಲ್ಲಿ ನುಡಿಸುತ್ತಿದ್ದ ಥಾಮಸ್ ಡಾರ್ಸಿ ಅದೇ ಧಾಟಿಯನ್ನು ಚರ್ಚಿಗೆ ತಂದಾಗ, ಇದು ಹೆಂಡದಂಗಡಿ ಸಂಗೀತ ಅಂತ ಎಷ್ಟೋ ಕಡೆ ಬೇಡ ಅಂದಿದ್ದರು. ಈಗ ಅವರನ್ನೇ ಗಾಸ್ಪೆಲ್ ಅನ್ನುವ ಚರ್ಚಿನ ಭಕ್ತಿಸಂಗೀತದ ಪಿತಾಮಹ ಅನ್ನುತ್ತಾರೆ. ಮಕ್ಕಳು ದೇವರಿಂದ ದೂರ ಹೋಗುತ್ತಿದ್ದಾರೆ ಅನ್ನೋ ಚಿಂತೆ ನಮಗೆ ಮಾತ್ರ ಇರೋದಲ್ಲ, ಆ ಚರ್ಚಿನವರಿಗೂ ಇದೆ. ಅವರಲ್ಲಿ ಕೆಲವರು ಮಕ್ಕಳು ಆಗಲೇ ಕೇಳುತ್ತಿದ್ದ ಬೀಟ್‌ಗೇ ಪ್ರಾರ್ಥನೆ ಸೇರಿಸಿದರು.

ಇನ್ನೊಂದು ಮಾತು, ಇದೇ ನನಗೆ ಮುಖ್ಯ. ಪೊಲೀಸರ ಗುಂಡಿಗೆ ಬಲಿಯಾದ ಕಪ್ಪು ಜನರ ಬಗ್ಗೆ ಲೆಕ್ರೇ ಮಾತಾಡಿದಾಗ, ಅದುವರೆಗೆ ಮೆಚ್ಚಿಕೊಂಡಿದ್ದ ಬಿಳಿಯ ಕ್ರೈಸ್ತ ಕೇಳುಗರಲ್ಲಿ ಎಷ್ಟೋ ಜನ ದೂರವಾದರು. ಆದರೂ ಲೆಕ್ರೇ ಬಾಯಿ ಮುಚ್ಚಲಿಲ್ಲ. ನಮ್ಮವರು ಇಲ್ಲಿಗೆ ಇಷ್ಟು ಜಾಸ್ತಿ ಬರೋಕೆ ದಾರಿ ಮಾಡಿದ 1965ರ ವಲಸೆ ಕಾಯ್ದೆ ಬಂದದ್ದೂ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದ ಅಲೆಯಲ್ಲೇ ಅಲ್ವಾ? ಆ ಹೋರಾಟಕ್ಕೆ ಕಪ್ಪು ಚರ್ಚುಗಳೇ ದೊಡ್ಡ ಬಲ. ಅಂಥವರ ಮಕ್ಕಳ ಜೊತೆ ಸೇರಬೇಡ ಅಂತ ನಮ್ಮ ಮಕ್ಕಳಿಗೆ ಯಾವ ಬಾಯಲ್ಲಿ ಹೇಳೋದು?

ಮತಾಂತರದ ಭಯ ಇದ್ದರೆ ಸುಮ್ನೆ ಬಾಗಿಲು ಹಾಕಬೇಡಿ, ನೀವೂ ಜೊತೆಗೆ ಹೋಗಿ ಕೂತು ಕೇಳಿ. ಮುಂದಿನ ಹಬ್ಬಕ್ಕೆ ಆ ಹುಡುಗನನ್ನೂ ಅವನ ಅಪ್ಪ ಅಮ್ಮನನ್ನೂ ಮನೆಗೆ ಊಟಕ್ಕೆ ಕರೆಯಿರಿ.