‘ಉಕ್ಕಿನ ಗುರಿ’ ಎಂದರೆ ಸಂಕಲ್ಪವೋ, ಸರಪಳಿಗೆ ನೇತುಹಾಕುವ ವಸ್ತುವೋ?

ಗೆಳೆಯರೇ, ನಮಸ್ಕಾರ.

ಟೆಕ್ಸಸ್‌ನಲ್ಲಿರುವ ನನ್ನ ತಂಗಿಯ ಮಗ ಅಲ್ಲಿನ ಕನ್ನಡ ಸಂಘದ ಸಂಚಿಕೆಗೆಂದು ಒಂದು ಲೇಖನ ಬರೆದು, ‘ತಿದ್ದಿಕೊಡಿ ಮಾವ’ ಎಂದು ಕಳಿಸಿದ್ದಾನೆ. ರಜಾದಿನಗಳಲ್ಲಿ ಅವನಿಗೆ ರೈಫಲ್ ಅಭ್ಯಾಸದ ಹವ್ಯಾಸ. ಕಾಗದಕ್ಕೆ ಹೊಡೆದರೆ ಪ್ರತಿ ಸಲವೂ ನಡೆದುಹೋಗಿ ತೂತು ಎಣಿಸಬೇಕು. ನೇತುಹಾಕಿದ ಉಕ್ಕಿನ ತುಂಡಿಗೆ ಹೊಡೆದರೆ ತಾಗಿತೆಂದು ಉಕ್ಕೇ ಸದ್ದು ಮಾಡಿ ಹೇಳುತ್ತದೆ. ಇದು ಅವನ ಲೇಖನದ ವಿಷಯ. ತಲೆಬರಹ ಮಾತ್ರ ಹೀಗಿದೆ: ‘ಉಕ್ಕಿನ ಗುರಿಯನ್ನು ಆರಿಸಿಕೊಳ್ಳುವುದು ಹೇಗೆ?’

ಓದಿದೊಡನೆ ನನ್ನ ಕಣ್ಣ ಮುಂದೆ ಬಂದದ್ದು ವ್ಯಕ್ತಿತ್ವ ವಿಕಸನ ಶಿಬಿರ. ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು ಎನ್ನುವ ನಾಡಿನಲ್ಲಿ ‘ಉಕ್ಕಿನ ಗುರಿ’ಯನ್ನು ಯಾರು ತಾನೇ ಕಬ್ಬಿಣದ ಅಂಗಡಿಯಲ್ಲಿ ಹುಡುಕುತ್ತಾರೆ? ಒಳಗೆ ಹೋದರೆ ಇನ್ನೂ ಮೋಜು. ‘ಗುರಿಯನ್ನು ಸರಪಳಿಗೆ ನೇತುಹಾಕಿ’, ‘ಗುರಿಗೆ ಬಿಳಿ ಬಣ್ಣ ಬಳಿಯಿರಿ’, ‘ಹಳೆಯ ಗುರಿಯನ್ನು ಗುಜರಿಗೆ ಹಾಕಿ’. ನಿವೃತ್ತನಾದ ನನಗೆ ಕೊನೆಯ ವಾಕ್ಯ ಸ್ವಲ್ಪ ಚುಚ್ಚಿತು ಕೂಡ.

ತೊಡಕು ಇರುವುದು ‘ಗುರಿ’ ಎಂಬ ಪದಕ್ಕೆ ನಾವು ಹೊರಿಸಿರುವ ಕೆಲಸದಲ್ಲಿ. ಗುರಿಯಿಟ್ಟು ಹೊಡೆದ ಎನ್ನುವಾಗ ಅದು ಕಣ್ಣಿನ ಕೆಲಸ. ಟೀಕೆಗೆ ಗುರಿಯಾದರು ಎನ್ನುವಾಗ ಪೆಟ್ಟು ತಿಂದವರ ಪಾಡು. ಸಾಲ ವಸೂಲಿಯ ಗುರಿ ಎನ್ನುವಾಗ ಬ್ಯಾಂಕಿನ ಅಂಕಿ. ತೂಕ ಹಾಕಿಸಿ, ಹಣ ಕೊಟ್ಟು, ಹೆಗಲ ಮೇಲೆ ಹೊತ್ತು ತರಬಹುದಾದ ವಸ್ತುವಿಗೆ ಈ ಪದ ಒಂಟಿಯಾಗಿ ಸಾಲುವುದಿಲ್ಲ. ಕೊಡಗಿನಲ್ಲಿ ಕೈಲ್‌ಮುಹೂರ್ತದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದಲ್ಲ, ಅಲ್ಲಿ ಈ ಗೋಜಲೇ ಇಲ್ಲ. ಕಾಯಿಗೆ ಕಾಯಿ ಎನ್ನುತ್ತಾರೆ, ಮುಗಿಯಿತು. ಹಿಂದೂಸ್ತಾನಿಯವರು ಗುಂಡಗಿನ ಬಿಳಿ ಹಲಗೆಯನ್ನೇ ಚಂದ್ರನೆಂದು ಕಂಡು, ಗುಂಡು ಹೊಡೆಯುವ ಅಭ್ಯಾಸಕ್ಕೆ ‘ಚಾಂದ್‌ಮಾರಿ’ ಎಂದು ಹೆಸರಿಟ್ಟರು. ಗುವಾಹಾಟಿಯಲ್ಲೂ ಗ್ಯಾಂಗ್ಟಾಕ್‌ನಲ್ಲೂ ಆ ಹೆಸರಿನ ಬಡಾವಣೆಗಳಿವೆ. ಅಷ್ಟು ಚೆಲುವಾದ ಪದ ನಮ್ಮಲ್ಲಿ ಹುಟ್ಟಲಿಲ್ಲವಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ.

‘ಸ್ಟೀಲ್ ಪ್ಲೇಟ್’ ಎಂದೇ ಬಿಡೋಣವೇ ಎಂದು ಹುಡುಗ ಕೇಳಿದ. ಕನ್ನಡದ ಮನೆಗಳಲ್ಲಿ ಸ್ಟೀಲ್ ಪ್ಲೇಟಿನ ಮೇಲೆ ಚಿತ್ರಾನ್ನ ಇರುತ್ತದೆ, ಆಗುವುದಿಲ್ಲ ಎಂದೆ. ಉಕ್ಕೇ ಇರಲಿ. ‘ವೂಟ್ಸ್’ ಎಂದು ಯುರೋಪಿನವರು 1795ರಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘದ ಮುಂದೆ ಚರ್ಚಿಸಿದ ಭಾರತದ ಉಕ್ಕಿನ ಹೆಸರಿನ ಹಿಂದೆ ಇರುವುದು ಈ ‘ಉಕ್ಕು’ ಎಂದು ಬಹುಮಂದಿ ವಿದ್ವಾಂಸರ ಮತ. ಪರದೇಶಕ್ಕೆ ಸಾಲ ಕೊಟ್ಟ ಪದವನ್ನು ಪರದೇಶದಲ್ಲಿರುವ ಹುಡುಗ ಬಿಡುವುದೇಕೆ?

ಇನ್ನು ಗುರಿಗೆ ಜೋಡಿಸುವ ಪದ. ‘ಗುರಿಹಲಗೆ’ ಎಂದರೆ ಮರ ನೆನಪಾಗುತ್ತದೆ. ‘ಗುರಿಫಲಕ’ದಲ್ಲಿ ಸರ್ಕಾರಿ ವಾಸನೆ. ಅವನು ಇಷ್ಟಪಟ್ಟದ್ದು ‘ಗುರಿತಗಡು’. ಇದನ್ನು ನಾನು ಕಡ್ಡಾಯವಾಗಿ ಹೊಡೆದುಹಾಕಿದೆ. ಕಾರಣ ಸೊಗಸಿನದಲ್ಲ, ಅಪಾಯದ್ದು. ತಗಡು ಎಂದರೆ ನಮಗೆ ತೆಳುವಾದದ್ದು, ಮಡಚಬಹುದಾದದ್ದು, ಮಾಡಿಗೆ ಹೊದಿಸುವಂಥದ್ದು. ರೈಫಲ್ ಗುಂಡಿಗೆ ಒಡ್ಡುವ ಉಕ್ಕು ಸಾಮಾನ್ಯವಾಗಿ ಮುಕ್ಕಾಲರ್ಧ ಇಂಚು, ಎಂದರೆ 3/8 ಇಂಚು ದಪ್ಪ. ನಮ್ಮ ಬಡಗಿಗಳ, ವೆಲ್ಡಿಂಗ್ ಶೆಡ್ಡಿನವರ ಲೆಕ್ಕದಲ್ಲಿ ಸರಿಯಾಗಿ ಮೂರು ಸೂತು. ‘ತಗಡು’ ಓದಿದವನು ಮನೆಯ ಹಿಂದೆ ಬಿದ್ದಿರುವ ಯಾವುದೋ ಮೆದು ಕಬ್ಬಿಣದ ಚೂರನ್ನು ತಂದು ನಿಲ್ಲಿಸಿದರೆ, ಆ ಪದ ಬರೆದವನೂ ಅದಕ್ಕೆ ಹೊಣೆ.

ಇಲ್ಲಿಯೇ ಕನ್ನಡ ನನ್ನನ್ನು ಅಚ್ಚರಿಗೊಳಿಸಿತು. ಅವನ ಮೂಲದಲ್ಲಿ ಎಲ್ಲವೂ ‘ಗಟ್ಟಿ’. ನಮ್ಮಲ್ಲಿ ಗಟ್ಟಿ ಇದೆ, ಗಡಸು ಇದೆ, ಪೆಡಸು ಇದೆ. ಮೂರೂ ಬೇರೆ ಬೇರೆ. ಮೆದು ಉಕ್ಕಿನ ದಪ್ಪ ತುಂಡು ಗಟ್ಟಿಯೇ ಹೌದು, ಆದರೆ ಗಡಸಲ್ಲ. ಬ್ರಿನೆಲ್ ಅಳತೆಯಲ್ಲಿ ಅದರ ಗಡಸುತನ ನೂರಿಪ್ಪತ್ತು, ನೂರೈವತ್ತರ ಆಸುಪಾಸು. ಗುರಿಗೆಂದು ಬಳಸುವ ‘ಎಆರ್ 500’ ಎಂಬ ಸವೆತ ತಡೆಯುವ ಉಕ್ಕಿನದು ಹೆಸರಿನಲ್ಲೇ ಇರುವಂತೆ ಸುಮಾರು 500. ಗಡಸು ಮಿತಿಮೀರಿದರೆ ಪೆಡಸು: ಬಾಗುವ ಬದಲು ಬಿರಿಯುತ್ತದೆ. ಈ ನಡುವಿನ ಹಂತಕ್ಕೆ ಕಮ್ಮಾರರು ಹೇಳುವ ‘ಹದ’ಕ್ಕಿಂತ ಒಳ್ಳೆಯ ಪದ ನನಗೆ ಕಾಣದು. ಗ್ಯಾಸ್ ಕಟಿಂಗ್‌ನಲ್ಲಿ ಕೊಯ್ದರೆ ಅಂಚಿನುದ್ದಕ್ಕೂ, ವೆಲ್ಡಿಂಗ್ ಮಾಡಿದರೆ ಬೆಸುಗೆಯ ಸುತ್ತಲೂ ಕಾವಿಗೆ ಹದ ಇಳಿದುಹೋಗುತ್ತದೆ. ಆದ್ದರಿಂದಲೇ ನೀರಿನ ಧಾರೆಯಲ್ಲಿ ಕೊಯ್ದದ್ದಕ್ಕೆ ಬೆಲೆ ಹೆಚ್ಚು. ‘ಶಾಖಪೀಡಿತ ವಲಯ’ ಎಂದು ಅವನು ಬರೆದಿದ್ದ. ಬರಪೀಡಿತ ತಾಲ್ಲೂಕಿನಂತೆ ಕೇಳಿಸಿತು. ‘ಹದ ಇಳಿದ ಅಂಚು’ ಎಂದು ತಿದ್ದಿದೆ.

ಪೆಟ್ಟಿನ ಗುರುತಿಗೂ ಹೀಗೆಯೇ. ಚೊಂಬು ಕೆಳಗೆ ಬಿದ್ದರೆ ಆಗುವುದು ನೆಗ್ಗು. ಮೆದು ಉಕ್ಕಿಗೆ ರೈಫಲ್ ಗುಂಡು ಬಡಿದರೆ ಆಗುವುದು ನೆಗ್ಗಲ್ಲ, ಏಣುಗಟ್ಟಿದ ಗುಳಿ. ಮುಂದಿನ ಗುಂಡು ಆ ಗುಳಿಗೆ ಹೊಕ್ಕರೆ ಅದರ ಚೂರುಗಳು ಬಂದ ದಾರಿಯಲ್ಲೇ ಹಿಂದಿರುಗಿ ಹೊಡೆದವನ ಕಡೆಗೆ ಹಾರಬಹುದು. ಗಡಸು ಉಕ್ಕಿನ ನುಣುಪು ಮುಖಕ್ಕೆ ಬಡಿದ ಸೀಸದ ಗುಂಡು ಪುಡಿಯಾಗಿ, ಮುಖದ ಉದ್ದಕ್ಕೂ ಸುತ್ತ ಚದುರುತ್ತದೆ. ಇದಕ್ಕೆ ಅವನು ‘ಸಿಡಿತ’ ಎಂದಿದ್ದ. ನಾನು ಮಲೆನಾಡಿನವನು, ನನಗೆ ‘ಎರಚಲು’ ಹೊಳೆಯಿತು. ಜಗಲಿಯ ಅಂಚಿಗೆ ಮಳೆ ಬಡಿದು ಒಳಗೆ ಬರುತ್ತದಲ್ಲ, ಅದೇ. ಉಕ್ಕನ್ನು ನೆಟ್ಟಗೆ ನಿಲ್ಲಿಸದೆ ಹದಿನೈದಿಪ್ಪತ್ತು ಡಿಗ್ರಿ ಮುಂದಕ್ಕೆ ತಲೆತಗ್ಗಿಸುವಂತೆ ನೇತುಹಾಕಿದರೆ ಎರಚಲು ನೆಲಕ್ಕೆ ಇಳಿಯುತ್ತದೆ. ಆದರೂ 100 ಗಜಕ್ಕಿಂತ ಹತ್ತಿರದಿಂದ ರೈಫಲ್ ಹೊಡೆಯಬಾರದು, ನೋಡುತ್ತ ನಿಂತವರೂ ಕಣ್ಣು ಕಾಯುವ ಕನ್ನಡಕ ಹಾಕಬೇಕು ಎಂದು ಬರೆದಿದ್ದಾನೆ. ಆ ವಾಕ್ಯವನ್ನು ನಾನು ಮುಟ್ಟಿಲ್ಲ, ದಪ್ಪಕ್ಷರ ಮಾಡಿದೆ ಅಷ್ಟೇ. ಪುಡಿಯಾಗದೆ ಇಡಿಯಾಗಿ ನೆಗೆಯುವ ಗುಂಡಿಗೆ ಬೇರೆ ಪದ ಬೇಕು, ‘ಪುಟಿಗುಂಡು’ ಹೇಗೆ?

ಈಗ ಮುಖ್ಯ ಪ್ರಶ್ನೆ. ಅವನು ಒಂದು ವಿಡಿಯೊ ಕಳಿಸಿದ. ಮುನ್ನೂರು ಮೀಟರ್ ಆಚೆ ಎರಡು ಸರಪಳಿಗಳಲ್ಲಿ ತೂಗುವ ಬಿಳಿ ಬಿಲ್ಲೆ. ಗುಂಡು ಹಾರಿತು. ಒಂದು ಸೆಕೆಂಡಿಗೂ ಮೀರಿ ಬೇರೆ ಸದ್ದೇ ಇಲ್ಲ, ಗಾಳಿಯದು ಮಾತ್ರ. ಬಿಲ್ಲೆ ಅಲುಗಿದ್ದು ಮೊದಲು ಕಾಣಿಸಿತು, ಆಮೇಲೆ ‘ಠಣ್’. ಅಲ್ಲಿಯವರು ಇದಕ್ಕೆ ‘ಗಾಂಗ್’ ಎನ್ನುತ್ತಾರಂತೆ. ಇಂಗ್ಲಿಷಿಗೂ ಅದು ಮಲಯ ಭಾಷೆಯಿಂದ ಬಂದ ಕಡ. ನಮಗೆ ಕಡದ ಅಗತ್ಯವೇ ಇಲ್ಲ, ‘ಜಾಗಟೆ’ ಇದೆ! ಗುಂಡಗಿನ ಲೋಹ, ತೂಗುತ್ತದೆ, ಹೊಡೆದರೆ ನುಡಿಯುತ್ತದೆ. ನಾನು ಕುಣಿದಾಡಿದೆ. ನನ್ನ ತಂಗಿ ಒಂದೇ ಮಾತಿನಲ್ಲಿ ಇಳಿಸಿದಳು: ‘ಅಣ್ಣ, ದೇವರ ಮುಂದೆ ಬಾರಿಸುವ ಜಾಗಟೆಗೆ ನನ್ನ ಮಗ ಗುಂಡು ಹೊಡೆಯುತ್ತಾನೆ ಎಂದು ಅಚ್ಚು ಹಾಕಿಸುತ್ತೀಯಾ?’

ಹಾಗಾಗಿ ಸದ್ಯ ‘ಗುರಿಬಿಲ್ಲೆ’ ಎಂದಿಟ್ಟಿದ್ದೇನೆ. ಚಳಿನಾಡಿನಲ್ಲಿ ಹಿಮದ ಮೇಲೆ ಸ್ಕೀಯಲ್ಲಿ ಜಾರುತ್ತ ನಡುನಡುವೆ ಗುಂಡು ಹೊಡೆಯುವ ಬಯಾಥ್ಲಾನ್ ಸ್ಪರ್ಧೆಯಲ್ಲಿ 50 ಮೀಟರ್ ದೂರದಿಂದ ಹೊಡೆಯುವ ಗುರಿಗಳಿಗೂ ಇದು ಸೊಗಸಾಗಿ ಒಪ್ಪುತ್ತದೆ: ಮಲಗಿ ಹೊಡೆಯುವಾಗ 45 ಮಿಲಿಮೀಟರಿನ ನಿಂಬೆಹಣ್ಣಿನಷ್ಟು ಬಿಲ್ಲೆ, ನಿಂತು ಹೊಡೆಯುವಾಗ 115 ಮಿಲಿಮೀಟರಿನದು. ಆದರೆ ಮೆಕ್ಸಿಕೊದಲ್ಲಿ ಹುಟ್ಟಿದ ‘ಸಿಲೂಯೆಟ್’ ಎಂಬ ಇನ್ನೊಂದು ಆಟದಲ್ಲಿ ಉಕ್ಕನ್ನು ಪ್ರಾಣಿಗಳ ಆಕಾರಕ್ಕೆ ಕೊಯ್ದಿರುತ್ತಾರೆ. 200 ಮೀಟರಿಗೆ ಕೋಳಿ, 300ಕ್ಕೆ ಹಂದಿ, 385ಕ್ಕೆ ಟರ್ಕಿಕೋಳಿ, 500ಕ್ಕೆ ಟಗರು. ತಾಗಿದರೆ ಸಾಲದು, ಉರುಳಿ ಬೀಳಬೇಕು. ಟಗರನ್ನು ‘ಬಿಲ್ಲೆ’ ಎನ್ನಲಾದೀತೇ? ‘ಛಾಯಾಕೃತಿ’ ಎಂದರೆ ಬರೀ ನೆರಳಾಯಿತು, ಮೂರು ಸೂತು ದಪ್ಪದ ನೆರಳು ಎಲ್ಲಿಯದು? ‘ಉಕ್ಕಿನ ಟಗರು’ ಎಂದು ನೇರವಾಗಿ ಬರೆದುಬಿಡುವ ಮನಸ್ಸಿದೆ.

ನಿಮ್ಮಲ್ಲಿ ಕೇಳುವುದು ಇಷ್ಟು. ‘ಗುರಿಬಿಲ್ಲೆ’ ನಿಮ್ಮ ಕಿವಿಗೆ ಹೇಗಿದೆ? ಉತ್ತರ ಕರ್ನಾಟಕದ, ಹಳೆಯ ಮೈಸೂರಿನ ಕಮ್ಮಾರರ ಬಾಯಲ್ಲಿ ಹದ ಇಳಿಯುವುದಕ್ಕೆ, ಕಬ್ಬಿಣ ಪೆಡಸಾಗುವುದಕ್ಕೆ ಬೇರೆ ಮಾತುಗಳಿವೆಯೇ? ‘ಎರಚಲು’ ಮಳೆ ಕಡಿಮೆಯ ಊರುಗಳಲ್ಲೂ ಅರ್ಥವಾಗುತ್ತದೆಯೇ? ಜಾಗಟೆಯ ಪರವಾಗಿ ಯಾರಾದರೂ ಬರೆಯುವುದಾದರೆ ತುಸು ಖಡಕ್ಕಾಗಿ ಬರೆಯಿರಿ, ತಂಗಿಗೆ ತೋರಿಸಬೇಕು.